ಇಬ್ಬನಿ ಕರಾರು

ನನ್ನ ದನಿ ನನಗಿಂತ ಚೆನ್ನಾಗಿ ಮಾತಾಡುತ್ತದೆ. ಅದಕ್ಕೆ ನೆಗಡಿಯಾಗುವುದಿಲ್ಲ, ಸಿಟ್ಟು ಬರುವುದಿಲ್ಲ, ಮಾತಿನ ನಡುವೆ ಪದ ಹುಡುಕುತ್ತ ನಿಲ್ಲುವ ನನ್ನ ಚಾಳಿಯೂ ಅದಕ್ಕಿಲ್ಲ. ಮುಳಗಟ್ಟಿ ಗುಡ್ಡದ ಪಡುವಣಕ್ಕಿರುವ ಊರುಗಳ ಹೊಲಗಳಲ್ಲಿ, ಕಂಬಕ್ಕೆ ಸಿಕ್ಕಿಸಿದ ಪುಟ್ಟ ಸ್ಪೀಕರಿನೊಳಗೆ ಕುಳಿತು ಅದು ದಿನಾ ನಸುಕಿಗೆ ಗಾಳಿ ಯಾವ ಕಡೆಯದು, ಇವತ್ತು ಔಷಧ ಹೊಡೆಯಬಹುದೋ ಬೇಡವೋ ಎಂದು ಹೇಳುತ್ತದೆ. ಅದರ ಒಡತಿಯಾದ ನಾನು ಆ ಹೊತ್ತಿಗೆ ಪಟ್ಟಣದ ಮನೆಯಲ್ಲಿ ಇನ್ನೂ ಮುಸುಕು ಹಾಕಿಕೊಂಡು ಮಲಗಿರುತ್ತಿದ್ದೆ.

ಅದನ್ನು ಕೊಟ್ಟವಳು ನಾನೇ. ಒಂದಿಡೀ ದಿನ ಗಾಜಿನ ಕೋಣೆಯಲ್ಲಿ ಕೂತು ನಮ್ಮ ಕಚೇರಿಯವರು ಕೊಟ್ಟದ್ದನ್ನೆಲ್ಲ ಓದಿದೆ. ಆಮೇಲೆ ಯಾವ ವಾಕ್ಯ ಬರೆದು ಹಾಕಿದರೂ ಯಂತ್ರ ಅದನ್ನು ನನ್ನ ದನಿಯಲ್ಲಿ ಹೇಳಬಲ್ಲದಾಯಿತು. ಈಗಿನ ಕಾಲಕ್ಕೆ ಇದೇನು ದೊಡ್ಡ ಸಂಗತಿಯಲ್ಲ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎಂದೋ ತೀರಿಹೋದವರ ದನಿ ಇಂದಿಗೂ ಬಸ್ಸುಗಳ ಹೆಸರು ಕೂಗುತ್ತಿರುತ್ತದೆ. ನಾನು ಹಾಕಿದ ಷರತ್ತು ಒಂದೇ. ನನ್ನ ಬಾಯಿಂದ ಏನು ಹೇಳಿಸುವುದಿದ್ದರೂ ಮೊದಲು ನನಗೆ ತೋರಿಸಬೇಕು. ತೋರಿಸುವ ಕೆಲಸ ಮಾಪನ ವಿಭಾಗದ ಮುಖ್ಯಸ್ಥ ವಿರೂಪಾಕ್ಷನದು. ವಿರೂಪಾಕ್ಷ ನನ್ನ ಗಂಡ. ಗಂಡನೇ ತಾನೆ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ನನ್ನ ಹೆಸರು ನೀಲಾಂಬಿಕಾ. ಮುಳಗಟ್ಟಿ ಗುಡ್ಡದ ಮೇಲಿನ ಆವಿಗೋಪುರಗಳ ಹಾಳೆಗಳನ್ನು ರೂಪಿಸಿದ ಎಂಜಿನಿಯರ್. ಮಳೆ ಬಂದರೆ ಊರೇ ಕೊಚ್ಚಿಹೋಗುವಂತೆ ಬಂದು, ಇಲ್ಲವಾದರೆ ಇಲ್ಲವೇ ಇಲ್ಲ ಎನ್ನುವ ಕಾಲ ಇದು. ಜಲಾಶಯ ಸಂಕ್ರಾಂತಿಗೂ ಮೊದಲೇ ತಳದ ಕೆಸರು ತೋರಿಸುತ್ತದೆ, ಕೊಳವೆಬಾವಿಗಳ ನೀರನ್ನು ದನ ಕೂಡ ಮೂಸಿ ಬಿಡುತ್ತವೆ. ಕೊನೆಗೆ ಪಟ್ಟಣದ ಪಾಲಿಗೆ ಉಳಿದದ್ದು ಗಾಳಿಯೊಂದೇ. ಎಂಥ ಒಣಗಾಳಿಯಲ್ಲೂ ನೀರು ಇದ್ದೇ ಇರುತ್ತದೆ. ನಮ್ಮ ಹಾಳೆ ರಾತ್ರಿಯ ತಂಪಿನಲ್ಲಿ ಆ ಪಸೆಯನ್ನು ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಹೀರಿಕೊಳ್ಳುವಂತೆ. ಹಗಲಾದರೆ ಗೋಪುರದ ಬಾಗಿಲು ಮುಚ್ಚುತ್ತದೆ. ಬಿಸಿಲಿಗೆ ಹಾಳೆ ಕಾದು ಹೀರಿದ್ದನ್ನೆಲ್ಲ ಬಿಡುತ್ತದೆ. ಆ ಆವಿ ತಣ್ಣನೆಯ ಕೊಳವೆಗೆ ತಾಗಿ ನೀರಾಗಿ ಇಳಿಯುತ್ತದೆ. ಕಲ್ಲಿದ್ದಲು ಬೇಡ, ಹೊಗೆಯಿಲ್ಲ, ಯಾರ ಹೊಳೆಗೂ ಅಡ್ಡಗಟ್ಟೆ ಹಾಕಬೇಕಾಗಿಲ್ಲ. ನೋಡಲು ಬಂದ ದೊಡ್ಡವರೆಲ್ಲ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು. ಇಂಥ ಸ್ವಚ್ಛವಾದ ನೀರು ಜಗತ್ತಿನಲ್ಲಿ ಎಲ್ಲೂ ಇಲ್ಲ ಎಂದು ನಾನೂ ಬೀಗಿದೆ.

ಆದರೆ ಹೊಳೆಗೆ ಕೆಳದಂಡೆ ಇರುವಂತೆ ಗಾಳಿಗೂ ಇರುತ್ತದೆ. ಚಳಿಗಾಲದ ಮೂಡಗಾಳಿ ನಮ್ಮ ಗುಡ್ಡ ದಾಟಿ ಪಡುವಣದ ಎರೆಹೊಲಗಳ ಮೇಲೆ ಹೋಗುತ್ತದೆ. ಅಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳ ಬೆಳೆಯುತ್ತಾರೆ. ಅದಕ್ಕೆ ಬಾವಿಯಿಲ್ಲ, ಕಾಲುವೆಯಿಲ್ಲ. ಕೆಳಗಿನಿಂದ ಕರಿಮಣ್ಣಿನ ಪಸೆ, ಮೇಲಿನಿಂದ ಇಬ್ಬನಿ, ಇಷ್ಟರಲ್ಲೇ ಬೆಳೆ ಬಂದು ಮನೆ ಸೇರಬೇಕು. ನಮ್ಮ ಗೋಪುರಗಳು ರಾತ್ರಿಯಿಡೀ ಹೀರಿ ಬಿಟ್ಟ ಗಾಳಿಯಲ್ಲಿ ಇಬ್ಬನಿ ಎಲ್ಲಿಂದ ಬಿದ್ದೀತು? ಇದು ನನಗೆ ಮೊದಲೇ ಗೊತ್ತಿತ್ತು. ಅದಕ್ಕೆಂದೇ ಕರಾರು ಮಾಡಿದ್ದು.

ಗುಡ್ಡದ ಕೆಳಗಾಳಿಯ ಪ್ರತಿ ಊರಿನಲ್ಲೂ ಒಂದು ಹೊಲದಲ್ಲಿ ಒಂದು ಬಿಳಿ ಗಾಜಿನ ತಾಟು ನಿಲ್ಲಿಸಿದೆವು. ಊಟದ ತಾಟಿಗಿಂತ ತುಸು ದೊಡ್ಡದು, ನನ್ನ ದನಿಯ ಸ್ಪೀಕರಿರುವ ಎದೆಮಟ್ಟದ ಕಂಬದ ಮೇಲೆ ಕೂತಿರುತ್ತದೆ. ಬೆಳಗಿನ ಜಾವ ಅದರ ಮೇಲೆ ಇಬ್ಬನಿ ಕೂತರೆ ಅದಕ್ಕೆ ಗೊತ್ತಾಗುತ್ತದೆ. ಯಾವುದೇ ಒಂದು ಊರಿನ ತಾಟು ಒಣಗಿದ್ದರೂ ಅಂದು ರಾತ್ರಿ ಗೋಪುರಗಳ ಬಾಗಿಲು ತೆರೆಯಬಾರದು. ಗಾಳಿ ತನ್ನ ಪಾಡಿಗೆ ತಾನು ಹಾದುಹೋಗಬೇಕು. ಕಂಟ್ರೋಲ್ ರೂಮಿನಲ್ಲಿ ಕೂತವರು ಯಾರೂ ಇದನ್ನು ಮೀರುವಂತಿಲ್ಲ. ತಾಟಿನ ಮಾತು ನೇರವಾಗಿ ಬಾಗಿಲಿನ ಬೀಗಕ್ಕೆ ಹೋಗುತ್ತದೆ, ನಡುವೆ ಮನುಷ್ಯನ ಕೈಯೇ ಇಲ್ಲ. ಹಾಗೆ ಕಟ್ಟಿದವಳು ನಾನು. ಮನುಷ್ಯನ ಕೈಯ ಮೇಲೆ ನನಗೆ ಅಷ್ಟೊಂದು ನಂಬಿಕೆಯಿರಲಿಲ್ಲ.

ಗುಡ್ಡಕ್ಕೆ ಎಲ್ಲಕ್ಕಿಂತ ಹತ್ತಿರದ ಊರು ಕರೆಕೊಪ್ಪ. ವಿರೂಪಾಕ್ಷ ಹುಟ್ಟಿದ ಊರು. ಮೊದಲು ಯಾರೂ ಒಪ್ಪಲಿಲ್ಲ. ನಮ್ಮ ಗಾಳಿ ಮುಟ್ಟಬ್ಯಾಡ್ರಿ ಎಂದು ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರೆಲ್ಲ ಕೂತು ಖಡಕ್ಕಾಗಿ ಹೇಳಿದರು. ನಾನು ಊರಿನ ಸೊಸೆ ಎಂಬ ಹಕ್ಕಿನಿಂದ ನಿಂತು ಮಾತಾಡಿದೆ. ನಿಮ್ಮ ತಾಟು ಒಣಗಿದ ದಿನ ಪಟ್ಟಣದ ನಳ ಒಣಗುತ್ತದೆ, ಇದು ನನ್ನ ಮಾತು ಎಂದೆ. ಅವರು ಒಪ್ಪಿದ್ದು ಯೋಜನೆಯನ್ನು ನೋಡಿ ಅಲ್ಲ, ನನ್ನನ್ನು ನೋಡಿ. ಹೊರಡುವಾಗ ಹೆಂಗಸರು ನನಗೆ ಉಡಿ ತುಂಬಿದರು. ಅಕ್ಕಿಯ ಜೊತೆ ಒಂದು ಬೊಗಸೆ ಕಡಲೆಯನ್ನೂ ಹಾಕಿದವಳು ಕಲ್ಲವ್ವಕ್ಕ.

ಕಲ್ಲವ್ವಕ್ಕ ವಿರೂಪಾಕ್ಷನ ಅಣ್ಣ ಭರಮಣ್ಣನ ಹೆಂಡತಿ. ನನಗೆ ನೆಗೆಣ್ಣಿ, ಅವನಿಗೆ ವೈನಿ. ಆಕೆ ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ತಾಯಿ ಇಲ್ಲದ ಆ ಹುಡುಗನಿಗೆ ಉಣ್ಣಿಸಿ, ಬಡಿದು, ಓದಿಸಿ ಎಂಜಿನಿಯರ್ ಮಾಡಿದವಳು ಆಕೆ. ಊರಿನ ತಾಟು ಅವರ ಹೊಲದಲ್ಲೇ ನಿಂತಿತು.

ಎರಡು ಚಳಿಗಾಲ ಎಲ್ಲ ಸರಿಯಾಗಿತ್ತು. ಅಂದರೆ ಪರದೆಯ ಮೇಲೆ ಸರಿಯಾಗಿತ್ತು. ಮೊದಲ ವರ್ಷ ಒಂದಷ್ಟು ರಾತ್ರಿ ಗೋಪುರ ಮುಚ್ಚಿ, ಪಟ್ಟಣದಲ್ಲಿ ಕೊಡಗಳ ಜಗಳ ನಡೆದು, ನಮ್ಮ ಕಚೇರಿಯ ಗಾಜಿಗೆ ಕಲ್ಲು ಬಿತ್ತು. ಎರಡನೆಯ ವರ್ಷ ತಾಟುಗಳು ಒಂದು ದಿನವೂ ಒಣಗಲಿಲ್ಲ. ಹಾಳೆಯನ್ನು ನಾನು ತುಸು ಸುಧಾರಿಸಿದ್ದೆ. ಅದರ ಪುಣ್ಯ ಎಂದುಕೊಂಡೆ. ಮೂರನೆಯ ವರ್ಷವೂ ಹಾಗೆಯೇ ಶುರುವಾಯಿತು. ನಮ್ಮ ಮನೆಯ ನಳ ಮುಂಜಾನೆ ಸಂಜೆ ಸುರಿಯುತ್ತಿತ್ತು. ಓಣಿಯ ಹೆಂಗಸರು ನನ್ನನ್ನು ಕಂಡರೆ ಕೈಮುಗಿಯುತ್ತಿದ್ದರು. ಅದು ಸಂಕೋಚ ಎಂದು ಮೇಲೆ ಮೇಲೆ ಹೇಳಿದರೂ ಒಳಗೆ ಹಿತವಾಗಿಯೇ ಇತ್ತು.

ಎಳ್ಳಮವಾಸ್ಯೆ ಹತ್ತಿರವಿದ್ದಾಗ ಬಂಗಾಳಕೊಲ್ಲಿಯ ಕಡೆಯಿಂದ ಮೋಡ ಬಂದು ಕವಿಯಿತು. ಮಳೆ ಬರಲಿಲ್ಲ, ಬರೀ ಮೋಡ. ಮರುದಿನ ಬೆಳಿಗ್ಗೆ ಕಂಟ್ರೋಲ್ ರೂಮಿಗೆ ಹೋದಾಗ ಪಾಳಿಯಲ್ಲಿದ್ದ ರೇಷ್ಮಾ ನದಾಫ ಚಹಾ ಕುಡಿಯುತ್ತಿದ್ದಳು. ಪರದೆಯ ಮೇಲೆ ಅಷ್ಟೂ ತಾಟುಗಳು ಒದ್ದೆಯಾಗಿದ್ದವು. ನಾನು ಒಮ್ಮೆ ಕಿಟಕಿಯಾಚೆ ನೋಡಿದೆ, ಒಮ್ಮೆ ಪರದೆ ನೋಡಿದೆ. ಮೋಡ ಕವಿದ ರಾತ್ರಿಯೆಂದರೆ ಭೂಮಿಗೆ ಕೌದಿ ಹೊದಿಸಿದ ಹಾಗೆ. ನೆಲ ತಣ್ಣಗಾಗುವುದಿಲ್ಲ, ನೆಲ ತಣ್ಣಗಾಗದೆ ಇಬ್ಬನಿ ಬೀಳುವುದಿಲ್ಲ. ಗೋಪುರ ಇರಲಿ ಇಲ್ಲದಿರಲಿ, ಆ ಬೆಳಿಗ್ಗೆ ಒಂದೇ ಒಂದು ತಾಟೂ ಒದ್ದೆಯಾಗುವ ಹಾಗಿರಲಿಲ್ಲ.

ಇದು ಹೇಗೆ ಎಂದು ರೇಷ್ಮಾಳನ್ನು ಕೇಳಿದೆ. ಆಕೆ ತಾಟು ತನ್ನ ಇಲಾಖೆಯಲ್ಲ, ಸಾಹೇಬರನ್ನು ಕೇಳಿ ಎಂದಳು. ಸಾಹೇಬರು ಎಂದರೆ ವಿರೂಪಾಕ್ಷ. ಅವನು ಪರದೆಯ ಕಡೆ ನೋಡಲೂ ಇಲ್ಲ. ತಾಟುಗಳ ಮೇಲೆ ಧೂಳು ಕೂತಿರಬೇಕು, ಧೂಳು ಪಸೆ ಹಿಡಿಯುತ್ತದೆ, ಮುಂದಿನ ವಾರ ಯಾರನ್ನಾದರೂ ಕಳಿಸುತ್ತೇನೆ ಎಂದ. ಉತ್ತರ ಸರಿಯಾಗಿಯೇ ಇತ್ತು. ಸರಿಯಾದ ಉತ್ತರ ಅಷ್ಟು ಬೇಗ ಬಂದದ್ದು ಮಾತ್ರ ನನಗೆ ಹಿಡಿಸಲಿಲ್ಲ.

ಅವತ್ತು ಸಂಜೆ ಅಡುಗೆಮನೆಯಲ್ಲಿ ಇನ್ನೊಂದು ಸಂಗತಿ ನೆನಪಾಯಿತು. ನನಗೆ ಹೊಟ್ಟೆಯುರಿಯ ಕಾಟವಿದೆ. ಪ್ರತಿ ಚಳಿಗಾಲ ಕಲ್ಲವ್ವಕ್ಕ ಒಂದು ಬಾಟಲಿ ಕಡಲೆಹುಳಿ ಕಳಿಸುತ್ತಾಳೆ. ಸೂರ್ಯ ಹುಟ್ಟುವ ಮೊದಲು ಕಡಲೆ ಗಿಡಗಳ ಮೇಲೆ ಬಿಳಿ ಧೋತರ ಹಾಸುತ್ತಾರೆ. ಗಿಡದ ಹುಳಿ ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಇಳಿಯುತ್ತದೆ. ಅದನ್ನು ಹಿಂಡಿ ಬಾಟಲಿಗೆ ತುಂಬಿದರೆ ಆಯಿತು, ಹೊಟ್ಟೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಹೋದ ವರ್ಷ ಅರ್ಧ ಬಾಟಲಿ ಬಂದಿತ್ತು, ಈ ವರ್ಷ ಬಂದೇ ಇರಲಿಲ್ಲ. ಫೋನು ಮಾಡಿ ಕೇಳಿದೆ. ಕಲ್ಲವ್ವಕ್ಕ ಅದೂ ಇದೂ ಮಾತಾಡಿ, ಸೊಂಟ ನೋವು, ಬಗ್ಗಲಿಕ್ಕೆ ಆಗುವುದಿಲ್ಲ ಎಂದಳು. ಜೋಳದ ಮೂಟೆಯನ್ನು ಒಬ್ಬಳೇ ಅಟ್ಟಕ್ಕೆ ಏರಿಸುವ ಹೆಂಗಸು!

ವಿರೂಪಾಕ್ಷನಿಗೆ ಗೆಳತಿಯ ಮನೆಗೆ ಎಂದು ಹೇಳಿ ಅಂದೇ ಕೊನೆಯ ಬಸ್ಸಿಗೆ ಕರೆಕೊಪ್ಪಕ್ಕೆ ಹೋದೆ.

ಮೋಡ ಆಗಲೇ ಚದುರಿತ್ತು. ಮರುದಿನ ನಸುಕಿನಲ್ಲಿ ಹಲ್ಲು ಕಟಕಟ ಎನ್ನುವ ಚಳಿ. ಎಂಥ ಹೊಲಕ್ಕಾದರೂ ಇಬ್ಬನಿ ಬೀಳಲೇಬೇಕಾದ ಬೆಳಗು. ಕಲ್ಲವ್ವಕ್ಕನ ಹಿಂದೆ ಹೊಲಕ್ಕೆ ನಡೆದೆ. ಕಾಲಿಗೆ ತಾಗಿದ ಹುಲ್ಲು ಚುಚ್ಚಿತೇ ಹೊರತು ಒದ್ದೆಯಾಗಿರಲಿಲ್ಲ. ಕಡಲೆ ಗಿಡಗಳು ಗೇಣುದ್ದಕ್ಕೆ ನಿಂತುಬಿಟ್ಟಿದ್ದವು. ಹೂವು ಉದುರಿ ಕಾಯಿ ಕಟ್ಟಿರಲಿಲ್ಲ. ಆಚೆ ಹೊಲವೂ ಹಾಗೇ, ಅದರಾಚೆಯದೂ ಹಾಗೇ. ನಾನೇ ಧೋತರ ಇಸಿದುಕೊಂಡು ಗಿಡಗಳ ಮೇಲೆ ಹಾಸಿ, ತುಸು ಹೊತ್ತು ಬಿಟ್ಟು ತೆಗೆದು ಹಿಂಡಿದೆ. ಒಂದು ಹನಿ ಬರಲಿಲ್ಲ. ನಾಲಿಗೆಗೆ ಹಚ್ಚಿದರೆ ಬಟ್ಟೆಯ ರುಚಿ.

ಅಷ್ಟರಲ್ಲಿ ಕಂಬ ಮಾತಾಡಿತು. ನನ್ನದೇ ದನಿ, ನನಗಿಂತ ಸಿಹಿಯಾಗಿ. ಅಕ್ಕಾರಿಗೆ ಶರಣು ಹೇಳಿತು, ಇವತ್ತು ಮೂಡಗಾಳಿ ಎಂದಿತು. ಆಮೇಲೆ, “ತಾಟಿನ ಮ್ಯಾಲೆ ಒಂದು ತಂಬಿಗಿ ನೀರು ಹಾಕಿ ತೊಳೀರಿ. ಒರಸಬ್ಯಾಡ್ರಿ, ಹಂಗ ಬಿಡ್ರಿ” ಎಂದಿತು. ಕಲ್ಲವ್ವಕ್ಕ ಸೊಂಟದ ಮೇಲಿದ್ದ ತಂಬಿಗೆಯನ್ನು ಎತ್ತಿ ತಾಟಿನ ಮೇಲೆ ನೀರು ಸುರಿದಳು, ಅಂಗೈಯಿಂದ ನಯವಾಗಿ ತಿಕ್ಕಿದಳು, ಕಂಬಕ್ಕೆ ಎರಡು ಬೆರಳು ವಿಭೂತಿ ಹಚ್ಚಿ ಕೈಮುಗಿದಳು. ನಮ್ಮ ಕಡೆ ಹೊಲಿಗೆಯಂತ್ರಕ್ಕೂ ಪೂಜೆ, ಟ್ರ್ಯಾಕ್ಟರಿಗೂ ಪೂಜೆ, ಊರು ಕಾಯುವ ತಾಟಿಗೆ ಪೂಜೆ ಇಲ್ಲದೆ ಇರುತ್ತದೆಯೇ? ಅದನ್ನು ಬಲ್ಲವನೇ ಈ ಉಪಾಯ ಹೂಡಿದ್ದ. ಹೊರಗಿನವನಾಗಿದ್ದರೆ ತಾಟು ಕದಿಯುತ್ತಿದ್ದ, ಒಡೆಯುತ್ತಿದ್ದ. ತೊಳೆಸಬೇಕು ಎಂದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ.

ಗಾಜಿನ ತಾಟು ತೊಳೆಯಿರಿ ಎನ್ನುವವರು ಒರೆಸಿ ಎಂದೇ ಹೇಳುತ್ತಾರೆ. ಒರೆಸಬೇಡಿ ಎನ್ನುವವನಿಗೆ ಬೇಕಾದದ್ದು ಶುಚಿಯಲ್ಲ, ಒದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ.

ಇದು ಯಾವಾಗಿನಿಂದ ಎಂದು ಕೇಳಿದೆ. ಹೋದ ವರ್ಷದಿಂದ ಎಂದಳು ಕಲ್ಲವ್ವಕ್ಕ. ನಾನು ಹೇಳಿದೆನೆಂದು ಮಾಡಿದೆಯಾ ಎಂದರೆ, “ನಿನ್ನ ದನಿ ಹೇಳ್ತು, ನಾ ಮಾಡಿದೆ” ಎಂದು ತಂಬಿಗೆ ಬೋರಲು ಹಾಕಿಕೊಂಡು ಮುಂದೆ ನಡೆದಳು. ನನ್ನ ಮುಖ ನೋಡಲಿಲ್ಲ. ದಾರಿಯಲ್ಲಿ ಭರಮಣ್ಣ ಎದುರಾದ. ಮಾತಾಡುವ ಮನುಷ್ಯನಲ್ಲ. ಆರಾಮ ಇದ್ದೀಯೇನವ್ವ ಎಂದು ಕೇಳಿ, ಒಣಗಿದ ಗಿಡವೊಂದನ್ನು ಕಿತ್ತು ಬೇರು ನೋಡುತ್ತ ನಿಂತ. ನಾನು ಅಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವನ ತಮ್ಮನ ಹೆಸರೇ ಮೊದಲು ಬರುತ್ತಿತ್ತು.

ಮನೆಗೆ ಬಂದಾಗ ವಿರೂಪಾಕ್ಷ ಹಿತ್ತಲಲ್ಲಿ ನಳದ ಕೆಳಗೆ ಕಾಲು ತೊಳೆದುಕೊಳ್ಳುತ್ತಿದ್ದ. ನೀರು ಧಾರಾಳವಾಗಿ ಬರುತ್ತಿತ್ತು. ನಾನು ಮೊದಲು ನಳ ನಿಲ್ಲಿಸಿದೆ, ಆಮೇಲೆ ಕೇಳಿದೆ. ಅವನು ಇಲ್ಲ ಎನ್ನುತ್ತಾನೆ, ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಒದ್ದೆ ಕಾಲಿನಲ್ಲೇ ಕಟ್ಟೆಯ ಮೇಲೆ ಕೂತ. ಮೊದಲ ವರ್ಷದ್ದೆಲ್ಲ ಹೇಳಿದ: ಸರಕಾರಿ ದವಾಖಾನೆಯಲ್ಲಿ ಡಯಾಲಿಸಿಸ್ ನಿಂತ ದಿನ, ಟ್ಯಾಂಕರಿನ ಗಾಲಿಯ ಕೆಳಗೆ ಸಿಕ್ಕ ಹೆಂಗಸು, ಮೇಲಿನವರ ಫೋನು. ಮೇಲಿನವರು ಏನು ಮಾಡು ಎಂದು ಹೇಳಲಿಲ್ಲವಂತೆ. ಇನ್ನೊಮ್ಮೆ ಹೀಗಾಗಬಾರದು ಎಂದರಂತೆ, ಅಷ್ಟೇ. ಹೇಗೆ ಆಗದಂತೆ ಮಾಡಿದೆ ಎಂದು ಆಮೇಲೆ ಯಾರೂ ಕೇಳಲಿಲ್ಲವಂತೆ.

“ಒಂದು ಕಡೆ ಲಕ್ಷ ಮಂದಿ, ನೀಲಾ. ಇನ್ನೊಂದು ಕಡೆ ಒಂದೀಟು ಕಡ್ಲಿ ಹೊಲ. ಯಾರರೆ ಆರಿಸಬೇಕಿತ್ತು, ನಾ ಆರಿಸಿದೆ” ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಆರಿಸಲಿಕ್ಕೆ ಊರನ್ನು ಕೂರಿಸಿಕೊಂಡು ಕೇಳಬಹುದಿತ್ತು. ಗೋಪುರದ ಬಾಗಿಲು ಒಂದು ರಾತ್ರಿ ತೆರೆದು ಒಂದು ರಾತ್ರಿ ಮುಚ್ಚಿ ಇಬ್ಬರಿಗೂ ಅರ್ಧರ್ಧ ಹಂಚಬಹುದಿತ್ತು. ಅದರ ಲೆಕ್ಕವನ್ನು ನಾನೇ ಹಾಕಿಕೊಟ್ಟಿದ್ದೆ. ಅರ್ಧ ನೀರೆಂದರೆ ಪಟ್ಟಣ ಸುಮ್ಮನಿರುವುದಿಲ್ಲ ಎಂದು ಅದನ್ನು ಮೂಲೆಗೆ ಹಾಕಿದರು. ಇದನ್ನೆಲ್ಲ ಹೇಳಿದೆ. ಆದರೆ ನನ್ನ ಎದೆಯಲ್ಲಿ ಉರಿಯುತ್ತಿದ್ದದ್ದು ಅದಲ್ಲ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಸರಿ, ಆ ಬೇಲಿಗೆ ನನ್ನ ಸೀರೆ ಯಾಕೆ ಉಡಿಸಿದ? ಅದನ್ನೇ ಕೇಳಿದೆ. ನನ್ನ ದನಿಯಲ್ಲೇ ಯಾಕೆ ಹೇಳಿಸಿದಿರಿ, ವೈನಿಗೆ ಒಂದು ಫೋನು ಮಾಡಿ ನೀವೇ ಹೇಳಬಹುದಿತ್ತಲ್ಲ?

ಅವನು ನಳದ ತುದಿಗೆ ನಿಂತಿದ್ದ ಹನಿಯನ್ನು ಬೆರಳಿನಿಂದ ಒರೆಸಿದ.

“ನಾ ಹೇಳಿದ್ರ ವೈನಿ ‘ಯಾಕೋ ತಮ್ಮಾ?’ ಅಂತ ಕೇಳ್ತಿದ್ಲು” ಎಂದ. “ಯಂತ್ರಕ್ಕ ಯಾರೂ ಯಾಕ ಅಂತ ಕೇಳಂಗಿಲ್ಲ.”

ನನ್ನ ಜೊತೆ ಇಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡ ಮನುಷ್ಯ. ನನ್ನ ದನಿಯನ್ನು ಅವನು ಕೈವಸ್ತ್ರದ ಹಾಗೆ ಬಳಸಿದ್ದ. ತನ್ನ ಬೆರಳ ಗುರುತು ಎಲ್ಲೂ ಮೂಡಬಾರದೆಂದು. ಅವನ ಮೇಲೆ ಕೈ ಎತ್ತಬೇಕೆನಿಸಿತು. ಎತ್ತಲಿಲ್ಲ, ಅದಕ್ಕೆ ಈಗಲೂ ಪಶ್ಚಾತ್ತಾಪವಿದೆ. ಇದನ್ನು ಮೇಲಿನವರಿಗೆ ಬರೆಯುತ್ತೇನೆ ಎಂದೆ. ಬರಿ ಎಂದ. ಸಮಿತಿ ಕೂಡುತ್ತದೆ, ಸಮಿತಿ ಚಹಾ ಕುಡಿಯುತ್ತದೆ, ಅಷ್ಟರಲ್ಲಿ ಹಿಂಗಾರಿ ಮುಗಿದಿರುತ್ತದೆ ಎಂದ. ಅದು ಬೆದರಿಕೆಯಾಗಿರಲಿಲ್ಲ, ನಿಜವನ್ನೇ ಹೇಳುತ್ತಿದ್ದ. ಇನ್ನೂ ಮಣ್ಣಿನಲ್ಲಿ ಒಂದಿಷ್ಟು ಪಸೆಯಿತ್ತು. ಈ ವಾರ ಇಬ್ಬನಿ ಬಿದ್ದರೆ ತಡವಾಗಿ ಬಿತ್ತಿದ ಹೊಲಗಳಾದರೂ ಕಾಯಿ ಕಟ್ಟುತ್ತಿದ್ದವು. ಸಮಿತಿಗೆ ಕಾಯುವಷ್ಟು ಪುರುಸೊತ್ತು ಕಡಲೆಗೆ ಇರಲಿಲ್ಲ.

ಬೇಕಾದದ್ದು ಒಂದೇ. ಕರೆಕೊಪ್ಪದ ತಾಟನ್ನು ಒಂದು ಬೆಳಿಗ್ಗೆ ಯಾರೂ ತೊಳೆಯಬಾರದು. ಒಣಗಿದ ತಾಟು ಒಣಗಿದೆ ಎನ್ನುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ, ಆಮೇಲೆ ವಿರೂಪಾಕ್ಷನಿರಲಿ ಅವನ ಮೇಲಿನವರಿರಲಿ ತೆರೆಯಲಾರರು. ನಾನು ಕಟ್ಟಿದ್ದರಲ್ಲಿ ಅಷ್ಟಾದರೂ ಇನ್ನೂ ನೆಟ್ಟಗಿತ್ತು.

ಮರುದಿನ ಮಧ್ಯಾಹ್ನ, ಈ ಸಲ ಅವನಿಗೆ ಹೇಳಿಯೇ ಹೊರಟು, ಮತ್ತೆ ಕರೆಕೊಪ್ಪದಲ್ಲಿದ್ದೆ. ಕಲ್ಲವ್ವಕ್ಕ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಕಂಬದಲ್ಲಿ ಮಾತಾಡುವುದು ನಾನಲ್ಲ, ನಿನ್ನ ಮೈದುನ ಎಂದೆ. ಆಕೆಯ ಕೈ ಮೊರದ ಮೇಲೆ ಆಡುತ್ತಲೇ ಇತ್ತು.

“ಗೊತ್ತೈತಿ” ಎಂದಳು.

ನನಗೆ ಅರ್ಥವಾಗಲಿಲ್ಲ.

“ಮೊದಲನೇ ದಿನಾನ ಗೊತ್ತಾತು. ನೀ ನನಗ ಎಂದಾದ್ರೂ ಹಿಂಗ ಮಾಡ್ರಿ ಹಂಗ ಮಾಡ್ರಿ ಅಂದಾಕೀ ಏನು? ಅವ ಸಣ್ಣಾಂವ ಇದ್ದಾಗೂ ಇದ ಚಾಳಿ. ಹಾಲು ಬೇಕಾದ್ರ ತನಗ ಬೇಕಂತ ಕೇಳತಿದ್ದಿಲ್ಲ. ಬೆಕ್ಕಿಗೆ ಹಸಿವ್ಯಾಗೇತಿ ವೈನಿ ಅಂತಿದ್ದ. ನಾ ಬಟ್ಟಲಾ ಇಟ್ಟು ಒಳಗ ಹೋಗತಿದ್ದೆ.”

ಗೊತ್ತಿದ್ದೂ ಯಾಕೆ ತೊಳೆದೆ ಎಂದು ಕೇಳಿದೆ. ಹುಡುಗ ಕೆಲಸದಲ್ಲಿ ಏನೋ ತ್ರಾಸಿನಲ್ಲಿದ್ದಾನೆ, ತಾಟು ಒದ್ದೆಯಿದ್ದರೆ ಅವನಿಗೆ ಅನುಕೂಲವಾಗುತ್ತದೆ ಎಂದುಕೊಂಡೆ ಎಂದಳು. ಇಬ್ಬನಿ ಬೀಳದ್ದು ಕಾಲದ ಗುಣ ಎಂದು ಊರೆಲ್ಲ ಅನ್ನುತ್ತಿತ್ತು, ತಾನೂ ಹಾಗೇ ಅಂದುಕೊಂಡಿದ್ದಳು. ಸೊಂಟನೋವೆಂದು ಸುಳ್ಳು ಹೇಳಿದ್ದು, ಇಬ್ಬನಿಯಿಲ್ಲ ಎಂದರೆ ತಾಟಿನ ಸುಳಿವು ನನಗೆ ಸಿಕ್ಕಿ ಗಂಡ ಹೆಂಡಿರಲ್ಲಿ ಜಗಳವಾದೀತು ಎಂದು. ನನಗೆ ಸಿಟ್ಟು ತಲೆಗೇರಿತು. ಇಲ್ಲಿ ಮನೆಯೊಳಗಿನ ಪ್ರೀತಿಯೇ ಊರಿಗೆ ಉರುಲಾಗಿತ್ತು. ನೀನು ದಿನಾ ಸುರಿದ ಆ ತಂಬಿಗೆ ನೀರಿನಿಂದಲೇ ಗೋಪುರದ ಬಾಗಿಲು ತೆರೆಯುತ್ತದೆ ಅಕ್ಕಾ, ಕಾಲದ ಗುಣವೂ ಅಲ್ಲ ಮಣ್ಣೂ ಅಲ್ಲ, ಒಣಗಿದ್ದು ನಿನ್ನ ಹೊಲ ಒಂದೇ ಅಲ್ಲ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಆಕೆಯ ಕೈ ಆಗ ನಿಂತಿತು. ಮೊರವನ್ನು ನಿಧಾನವಾಗಿ ನೆಲಕ್ಕಿಟ್ಟಳು. ಆಕೆ ಕೊಟ್ಟದ್ದು ತನ್ನದನ್ನು ಎಂದು ತಿಳಿದಿದ್ದಳು. ಊರಿನದನ್ನು ಕೊಟ್ಟೆ ಎಂದು ಯಾರೂ ಆಕೆಗೆ ಹೇಳಿರಲಿಲ್ಲ.

ತುಸು ಹೊತ್ತಿನ ಮೇಲೆ ಫೋನು ತರಿಸಿಕೊಂಡು ಅವನಿಗೆ ಹಚ್ಚಿದಳು. ಬೈಯುತ್ತಾಳೆ ಎಂದುಕೊಂಡೆ. ಉಂಡಿಯೇನೋ ಎಂದು ಕೇಳಿದಳು. ಆಮೇಲೆ ಹೇಳಿದಳು:

“ತಮ್ಮಾ, ನಾಳೆ ಮುಂಜಾನೆ ತಾಟ ತೊಳೀಬೇಕಂದ್ರ ನೀನ ಹೇಳು. ನಿನ್ನ ಬಾಯಿಲೆ ಹೇಳು. ಯಾಕ ಅಂತ ನಾ ಕೇಳಂಗಿಲ್ಲ. ತೊಳೀತೀನಿ. ಊರಿಗೆ ನಾ ಉತ್ತರಾ ಹೇಳಕೋತೀನಿ.”

ಅವನು “ಹೂಂ ವೈನಿ” ಎಂದ, ಫೋನು ಇಟ್ಟ.

ನಾನು ಆಕೆಯನ್ನು ನೋಡುತ್ತ ಕೂತೆ. ಎಲ್ಲ ಗೊತ್ತಾದ ಮೇಲೂ ಅವನು ಕೇಳಿದರೆ ತೊಳೆಯುವವಳು! ಹಾಗಾದರೆ ನಾನು ಬಂದದ್ದು ಯಾಕೆ, ಹೇಳಿದ್ದು ಯಾಕೆ? ಗಂಡ ನನ್ನನ್ನು ಮಾರಿದ, ಇನ್ನು ಈಕೆಯೂ ಮಾರುತ್ತಾಳೆ ಎನಿಸಿತು. ಅವನಿಗೆ ಕೇಳಲಿಕ್ಕೆ ಎಷ್ಟು ಹೊತ್ತು ಬೇಕು? ಒಂದು ಮಾತು. ಪಟ್ಟಣದ ನಳ, ಅವನ ಕುರ್ಚಿ, ಮೇಲಿನವರ ಮೆಚ್ಚುಗೆ, ಎಲ್ಲ ಆ ಒಂದು ಮಾತಿಗೆ ಸಿಗುತ್ತಿತ್ತು. ಅದೂ ಯಾಕೆ ಎಂದು ಕೇಳುವುದಿಲ್ಲ ಎಂದು ವೈನಿಯೇ ಮಾತು ಕೊಟ್ಟಾಗಿತ್ತು. ಅವನು ಕೇಳುತ್ತಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಲ್ಲವ್ವಕ್ಕನ ಜೊತೆ ಆಮೇಲೆ ನಾನು ಮಾತಾಡಲಿಲ್ಲ. ಆಕೆಯೂ ಕರೆಯಲಿಲ್ಲ, ರೊಟ್ಟಿ ಬಡಿದು ಮುಂದಿಟ್ಟಳು, ಉಂಡೆ.

ನಸುಕಿನಲ್ಲಿ ಇಬ್ಬರೂ ಹೊಲದಲ್ಲಿದ್ದೆವು. ಆಕೆ ಒಂದು ಕೈಯಲ್ಲಿ ತುಂಬಿದ ತಂಬಿಗೆ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಫೋನು. ತಾಟು ಒಣಗಿ ಬೆಳ್ಳಗಿತ್ತು. ಮೂಡಣ ಕೆಂಪಾಗತೊಡಗಿತು, ಗುಡ್ಡದ ಮೇಲೆ ನಾನು ನಿಲ್ಲಿಸಿದ ಗೋಪುರಗಳು ಕರ್ರಗೆ ಕಂಡವು. ಫೋನು ಸುಮ್ಮನಿತ್ತು. ಆಕೆ ಎರಡು ಸಲ ಅದನ್ನು ಕಿವಿಗೆ ಹಿಡಿದು ನೋಡಿದಳು, ಸದ್ದು ಮಾಡದೆ ಬಂದಿರಬಹುದೇನೋ ಎಂಬಂತೆ. ಚಾರ್ಜು ಐತಿಲ್ಲೋ ನೋಡವ್ವ ಎಂದು ನನ್ನ ಕೈಗೆ ಕೊಟ್ಟಳು. ಇತ್ತು.

ಆಗ ಕಂಬ ಮಾತಾಡಿತು.

“ಅಕ್ಕಾರ, ಶರಣ್ರಿ. ನಾ ನಿಮ್ಮ ನೀಲಾ ಮಾತಾಡಾಕತ್ತೀನಿ. ಇವತ್ತೊಂದಿನಾ ತಾಟ ತೊಳೀರಿ. ನಾ ಕೈಮುಗದು ಕೇಳ್ಕೋತೀನಿ.”

ನಾನು ಅಲ್ಲೇ, ಆಕೆಯಿಂದ ಮಾರು ದೂರದಲ್ಲಿ, ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಾನು ಅಲ್ಲಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನಿಗೆ ಮಾಡಲು ಆದದ್ದು ಅದೊಂದೇ. ದನಿ ಇನ್ನೊಮ್ಮೆ ಅದನ್ನೇ ಹೇಳಿತು. ಎರಡನೆಯ ಸಲ ಕಂಬದಲ್ಲಿದ್ದ ನನ್ನ ದನಿ ಗದ್ಗದವಾಗಿತ್ತು. ಯಂತ್ರಕ್ಕೆ ಅಳಲೂ ಕಲಿಸಿದ್ದ.

ಕಲ್ಲವ್ವಕ್ಕ ಪೂರ್ತಿ ಕೇಳಿದಳು. ನಡುವೆ ತಲೆ ಅಲ್ಲಾಡಿಸಲಿಲ್ಲ, ನನ್ನ ಕಡೆ ನೋಡಲಿಲ್ಲ. ಮುಗಿದ ಮೇಲೂ ಇನ್ನೇನಾದರೂ ಬರುತ್ತದೆಯೋ ಎಂದು ಕಾದಳು. ಅದು ಗಾಳಿಯ ಸುದ್ದಿ ಹೇಳತೊಡಗಿತು. ಆಗ ಆಕೆ ಬದುವಿನ ಮೇಲೆ ಕೂತು, ತಂಬಿಗೆಯ ನೀರನ್ನು ಬೊಗಸೆಗೆ ಬಗ್ಗಿಸಿಕೊಂಡು ಮುಖ ತೊಳೆದುಕೊಂಡಳು. ಒಂದು ಸಲ ಅಲ್ಲ, ನೀರು ತೀರುವ ತನಕ. ಸೆರಗಿನಿಂದ ಒರೆಸಿಕೊಂಡಳು.

ಬಿಸಿಲು ಬಂದು ತಾಟಿನ ಮೇಲೆ ಬಿತ್ತು. ಅದು ಒಣಗಿಯೇ ಇತ್ತು. ಇಲ್ಲಿಂದ ಕಾಣದ ಕೋಣೆಯೊಂದರಲ್ಲಿ ಇಷ್ಟು ಹೊತ್ತಿಗೆ ಕೆಂಪು ದೀಪ ಹತ್ತಿರಬೇಕು. ಅವನು ಅದನ್ನು ನೋಡುತ್ತ ಕೂತಿರಬೇಕು. ಗೆದ್ದೆ ಎನಿಸಬೇಕಿತ್ತು ನನಗೆ. ಎನಿಸಲಿಲ್ಲ. ಇವತ್ತು ರಾತ್ರಿ ಈ ಹೊಲಗಳ ಮೇಲೆ ಇಬ್ಬನಿ ಬೀಳುತ್ತದೆ, ನಾಳೆ ಪಟ್ಟಣದಲ್ಲಿ ನನ್ನ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ, ಅದನ್ನೆಲ್ಲ ಎದುರಿಸುವುದು ನನಗೆ ಗೊತ್ತಿತ್ತು. ಕಲ್ಲವ್ವಕ್ಕನ ಮುಖ ನೋಡುವುದು ಮಾತ್ರ ಗೊತ್ತಿರಲಿಲ್ಲ. ಹತ್ತಿರ ಹೋಗಿ ಕೂತೆ. ಆಕೆ ನನ್ನ ಕೈಯಿಂದ ಫೋನು ಇಸಿದುಕೊಂಡು, ಅದರ ಕಪ್ಪು ಗಾಜನ್ನು ಹೆಬ್ಬೆರಳಿನಿಂದ ಸವರುತ್ತ ಕೇಳಿದಳು:

“ನಾ ಅವಂಗ ಎಂದಾದ್ರೂ ಇಲ್ಲ ಅಂದೀನೇನವ್ವ?”